ಹಳೇ ಕ್ಷೌರದ ಕತ್ತಿ ಏರುಪೇರಾಗಿ ಸವೆದಿದೆಯಾ? ಮೊದಲು ನೋಡಿ, ಅಳೆಯಿರಿ, ಆಮೇಲೆ ಮಸೆಯಿರಿ

ಇಂಗ್ಲೆಂಡಿನ ಶೆಫೀಲ್ಡ್‌ನದ್ದೋ ಜರ್ಮನಿಯ ಸೋಲಿಂಗೆನ್‌ನದ್ದೋ ಹಳೇ ಮಡಚುವ ಕ್ಷೌರದ ಕತ್ತಿ ಕೈಗೆ ಸಿಕ್ಕಿದ ತಕ್ಷಣ ಹೆಚ್ಚಿನವರು ಅದನ್ನು ಕಲ್ಲಿಗೆ ಹಾಕಿ ಉಜ್ಜಲು ಶುರು ಮಾಡುತ್ತಾರೆ. ಬೇಡ, ಸ್ವಲ್ಪ ತಡೆಯಿರಿ. ನಿಮಗಿಂತ ಮುಂಚೆ ಅದನ್ನು ಯಾರ್ಯಾರೋ ಮಸೆದಿರುತ್ತಾರೆ. ಒಬ್ಬರಿಗೆ ತುದಿಯ ಕಡೆ ಒತ್ತುವ ಅಭ್ಯಾಸ, ಇನ್ನೊಬ್ಬರ ಕಲ್ಲು ನಡುವೆ ತಗ್ಗು ಬಿದ್ದದ್ದು, ಮತ್ತೊಬ್ಬರು ತುಕ್ಕು ತೆಗೆಯಲು ಮೋಟಾರ್ ಚಕ್ರಕ್ಕೆ ಹಿಡಿದವರು. ಇದೆಲ್ಲ ಉಕ್ಕಿನ ಮೇಲೆ ಉಳಿದಿರುತ್ತದೆ. ಅದನ್ನು ಓದಿಕೊಳ್ಳದೆ ಮಸೆದರೆ ಹಳೇ ಏರುಪೇರಿನ ಜೊತೆಗೆ ನಿಮ್ಮದೂ ಒಂದು ಸೇರುತ್ತದೆ, ಅಷ್ಟೇ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆನ್ನಿನ ಸವೆತ ಎರಡೂ ಕಡೆ ಒಂದೇ ಥರ ಕಾಣಬೇಕು ಅಂತ ಹಟ ಹಿಡಿಯಬೇಡಿ. ಬಾಯಿ ಬುಡದಿಂದ ತುದಿಯವರೆಗೂ ಕಲ್ಲಿಗೆ ತಾಗಬೇಕು, ಕೋನ ತೀರಾ ಕೆಟ್ಟಿರಬಾರದು. ನಮಗೆ ಬೇಕಾದ್ದು ಇಷ್ಟೇ. ನೋಡಲು ಸೊಟ್ಟಗಿದ್ದರೂ ನುಣ್ಣಗೆ ಬೋಳಿಸುವ ಕತ್ತಿಗಳು ಬೇಕಾದಷ್ಟಿವೆ. ಸುಮ್ನೆ ಚಂದ ಮಾಡಲು ಹೋಗಿ ತೆಗೆದ ಲೋಹ ಮಾತ್ರ ವಾಪಸ್ ಬರುವುದಿಲ್ಲ.

ಮುಂದೆ ಬಳಸುವ ಹೆಸರುಗಳು ಇವು. ಬೋಳಿಸುವ ಅಂಚು ಬಾಯಿ. ಅದರ ಎದುರಿನ ದಪ್ಪ ಭಾಗ ಬೆನ್ನು. ಹಿಡಿಯ ಹತ್ತಿರದ ಮೂಲೆ ಬುಡ, ಆ ಕಡೆಯ ಕೊನೆ ತುದಿ. ಬುಡದ ಪಕ್ಕದಲ್ಲೇ ಅಲಗು ದಪ್ಪವಾಗಿ ಹಿಡಿಯ ಕಡೆಗೆ ತಿರುಗುವ ಜಾಗ ಭುಜ. ಬಾಯಿಯ ಎರಡೂ ಬದಿಗೆ ಮಸೆದು ಹೊಳೆಯುವ ಸಣ್ಣ ಇಳಿಜಾರು ಪಟ್ಟಿ ಬೆವೆಲ್. ಬೆನ್ನಿನ ಮೇಲೂ ಕಲ್ಲಿಗೆ ಸವೆದ ಹೊಳೆಯುವ ಪಟ್ಟಿ ಇರುತ್ತದೆ. ಈ ಎರಡು ಪಟ್ಟಿಗಳೇ ನಮಗೆ ಕಥೆಯೆಲ್ಲ ಹೇಳುತ್ತವೆ.

ಕೋನದ ಲೆಕ್ಕ

ಅಡುಗೆ ಚಾಕುವನ್ನು ಮಸೆಯುವಾಗ ಕೋನವನ್ನು ಕೈಯಲ್ಲೇ ಕಾಯಬೇಕು. ಕ್ಷೌರದ ಕತ್ತಿಗೆ ಆ ಗೋಜಿಲ್ಲ. ಬೆನ್ನು ಮತ್ತು ಬಾಯಿ ಎರಡೂ ಒಟ್ಟಿಗೆ ಕಲ್ಲಿನ ಮೇಲೆ ಮಲಗುತ್ತವೆ, ಬೆನ್ನಿನ ದಪ್ಪವೇ ಕೋನ ಕೊಡುತ್ತದೆ. ಎರಡೂ ಒಂದೇ ಲೆಕ್ಕದಲ್ಲಿ ಸವೆಯುತ್ತಾ ಹೋದರೆ ಕೋನ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಬೆನ್ನು ಒಂದು ಕಡೆ ಜಾಸ್ತಿ ಸವೆದಾಗಲೇ ತೊಂದರೆ. ಅಲ್ಲಿ ಕೋನ ಇಳಿಯುತ್ತದೆ, ಬೆವೆಲ್ ಅಗಲವಾಗುತ್ತದೆ, ಬಾಯಿ ತೆಳ್ಳಗಾಗುತ್ತದೆ.

ಒಂದು ಡಿಜಿಟಲ್ ವರ್ನಿಯರ್ (ಎರಡು ದವಡೆಗಳ ನಡುವೆ ಹಿಡಿದು ದಪ್ಪ ಅಳೆಯುವ ಸಾಧನ) ಇಟ್ಟುಕೊಳ್ಳಿ. ಬೆನ್ನಿನ ದಪ್ಪವನ್ನು ಅಲಗಿನ ಅಗಲದಿಂದ ಭಾಗಿಸಿ 57ರಿಂದ ಗುಣಿಸಿದರೆ ಕೋನ ಡಿಗ್ರಿಯಲ್ಲಿ ಸಿಗುತ್ತದೆ. ಅಗಲವನ್ನು ಬೆನ್ನಿನ ಸವೆದ ಪಟ್ಟಿಯಿಂದ ಬಾಯಿಯವರೆಗೆ ಅಳೆಯಬೇಕು, ಬೆನ್ನಿನ ನೆತ್ತಿಯಿಂದಲ್ಲ. ಒಂದು ಅಲಗಿನಲ್ಲಿ ಈ ಅಗಲ 16 ಮಿ.ಮೀ. ಅಂತ ಇಟ್ಟುಕೊಳ್ಳೋಣ. ಬೆನ್ನು 4.6 ಮಿ.ಮೀ. ಇದ್ದರೆ ಕೋನ 16.4 ಡಿಗ್ರಿ. ಚೆನ್ನಾಗಿದೆ. ಅದೇ ಕತ್ತಿಯ ತುದಿಯಲ್ಲಿ ಬೆನ್ನು 3.8ಕ್ಕೆ ಸವೆದು ಅಗಲ 15.5 ಉಳಿದಿದ್ದರೆ ಅಲ್ಲಿ ಸಿಗುವುದು ಬರೀ 14 ಡಿಗ್ರಿ. 16ರಿಂದ 18 ಡಿಗ್ರಿ ಇದ್ದರೆ ನೆಮ್ಮದಿ. 15ಕ್ಕಿಂತ ಕೆಳಗೆ ಹೋದರೆ ಬಾಯಿ ಸಣ್ಣಸಣ್ಣಗೆ ಮುಕ್ಕಾಗುತ್ತದೆ. 20 ದಾಟಿದರೆ ಕೂದಲು ಎಳೆಯುತ್ತದೆ.

ಬುಡ, ನಡು, ತುದಿ, ಮೂರು ಕಡೆಯೂ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಬಾಯಿಗೆ ವರ್ನಿಯರ್‌ನ ದವಡೆ ತಾಗಿಸುವಾಗ ಹಗುರ ಕೈ ಇರಲಿ. ಇಲ್ಲದಿದ್ದರೆ ಬಾಯಿ ಮುಕ್ಕಾಗುತ್ತದೆ, ಬೆರಳೂ ಕೊಯ್ಯುತ್ತದೆ.

ಒಂದು ಎಚ್ಚರಿಕೆ. 19ನೇ ಶತಮಾನದ ಮೊದಲ ಭಾಗದ ಶೆಫೀಲ್ಡ್ ಕತ್ತಿಗಳು ಹೆಚ್ಚಾಗಿ ಬೆಣೆಯಾಕಾರದವು. ಬದಿಗಳು ಹೆಚ್ಚುಕಡಿಮೆ ಚಪ್ಪಟೆ. ಅಂಥದ್ದರಲ್ಲಿ ಬೆನ್ನಿನ ಪಟ್ಟಿಯೂ ಬೆವೆಲ್ಲೂ ಅಗಲವಾಗಿ ಕಾಣುವುದು ಸಹಜ, ಅದನ್ನು ಕಂಡು ಗಾಬರಿಯಾಗಬೇಡಿ. ಬದಿಗಳನ್ನು ಒಳಗೆ ಕೊರೆದು ತೆಳ್ಳಗೆ ಮಾಡುವ ಪದ್ಧತಿ ಆ ಶತಮಾನದ ಕೊನೆಯ ಹೊತ್ತಿಗೆ ಜೋರಾಯಿತು, ಸೋಲಿಂಗೆನ್ ಅದರಲ್ಲಿ ಹೆಸರು ಮಾಡಿತು. ಅಲಗಿಗೂ ಹಿಡಿಗೂ ನಡುವಿನ ಕುತ್ತಿಗೆಯ ಮೇಲೆ ‘ಇಂಗ್ಲೆಂಡ್’ ಅಥವಾ ‘ಜರ್ಮನಿ’ ಅಂತ ದೇಶದ ಹೆಸರು ಒತ್ತಿದ್ದರೆ ಅದು ಬಹುತೇಕ 1891ರ ನಂತರದ್ದು. ಹೊರಗಿನಿಂದ ಬರುವ ಮಾಲಿನ ಮೇಲೆ ದೇಶದ ಹೆಸರಿರಬೇಕು ಅಂತ ಅಮೆರಿಕ 1890ರಲ್ಲಿ ಕಾನೂನು ತಂದಿತ್ತು, ಮುಂದಿನ ವರ್ಷ ಅದು ಜಾರಿಗೆ ಬಂತು. ಕತ್ತಿಯ ವಯಸ್ಸು ಗೊತ್ತಾದರೆ ಎಷ್ಟು ಸವೆತ ನ್ಯಾಯ ಅನ್ನುವ ಅಂದಾಜೂ ಸಿಗುತ್ತದೆ.

ಮೊದಲು ಕೈಬಿಡಬೇಕಾದವನ್ನು ಕೈಬಿಡಿ

ಕತ್ತಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಯಾರ ಮುಖದ ಮೇಲೆ ಆಡಿದ್ದೋ ಏನೋ, ಅಲ್ವಾ? ಆಮೇಲೆ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಬಾಯಿಯ ಉದ್ದಕ್ಕೂ ನೋಡುತ್ತಾ ಹೋಗಿ. ಚಿನ್ನದಂಗಡಿಯವರು, ವಾಚ್ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುತ್ತಾರಲ್ಲ, ಅದೇ. ಬಾಯಿಯಿಂದ ಬೆನ್ನಿನ ಕಡೆಗೆ ಕೂದಲೆಳೆಯಂಥ ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಸರಿ ಮಾಡಲು ಬರುವುದಿಲ್ಲ. ತೆಳ್ಳಗಿನ ಅಲಗನ್ನು ಉಗುರಿನಿಂದ ಮೀಟಿದರೆ ಗಟ್ಟಿ ಅಲಗು ಣಿಂ ಅನ್ನುತ್ತದೆ, ಬಿರುಕಿದ್ದರೆ ಸದ್ದು ಸತ್ತಂತೆ ಬರುತ್ತದೆ.

ಬಾಯಿಯ ಹತ್ತಿರ ನೀಲಿ ಛಾಯೆ ಇದ್ದರೆ ಅದೂ ಬೇಡ. ಉಕ್ಕು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾದಾಗ ನೀಲಿಯಾಗುತ್ತದೆ, ಕ್ಷೌರದ ಕತ್ತಿಗೆ ಅಷ್ಟು ಬಿಸಿ ತಾಗಿದರೆ ಗಡಸುತನ ಹೋಗಿರುತ್ತದೆ. ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಮೋಟಾರ್ ಚಕ್ರಕ್ಕೆ ಹಿಡಿದು ಕನ್ನಡಿ ಥರ ಹೊಳೆಸಿ ಮಾರುವ ಕತ್ತಿಗಳನ್ನು ಕಂಡರೆ ನನಗೆ ಮೊದಲು ಬರುವುದೇ ಈ ಅನುಮಾನ. ನನ್ನ ಮಟ್ಟಿಗೆ ಹೊಳಪಿಗಿಂತ ಕಪ್ಪು ಕಲೆ ವಾಸಿ.

ಬಾಯಿಗೆ ತಾಗಿಕೊಂಡೇ ಆಳವಾದ ತುಕ್ಕಿನ ಗುಳಿಗಳಿದ್ದರೆ ಮಸೆದಂತೆಲ್ಲ ಅವು ಬಾಯಿಯಲ್ಲಿ ತೂತಾಗಿ ತೆರೆದುಕೊಳ್ಳುತ್ತವೆ. ಹಿಡಿ ಸೆಲ್ಯುಲಾಯ್ಡ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್‌ನದ್ದಾಗಿ, ಅಲಗು ಮಡಚಿ ಕೂರುವ ಜಾಗದಲ್ಲೇ ತುಕ್ಕು ಹಿಡಿದಿದ್ದರೆ ಹಿಡಿಯನ್ನೂ ಬೇರೆ ಮಾಡಬೇಕಾಗುತ್ತದೆ. ಹಳೇ ಸೆಲ್ಯುಲಾಯ್ಡ್ ಕೊಳೆಯುತ್ತಾ ಆಮ್ಲದ ಹಬೆ ಬಿಡುತ್ತದೆ, ಅದು ಉಕ್ಕನ್ನು ತಿನ್ನುತ್ತದೆ. ಆನೆದಂತದ ಹಿಡಿ ಅಂತ ಯಾರಾದರೂ ತೋರಿಸಿದರೆ ಕೊಳ್ಳಲೇಬೇಡಿ. ಅದರ ವ್ಯಾಪಾರ ನಮ್ಮ ದೇಶದಲ್ಲಿ ಅಪರಾಧ.

ಕಲ್ಲು ಸಪಾಟಾಗಿದೆಯಾ

ಬಗ್ಗಿದ ಕಲ್ಲಿನಲ್ಲಿ ನೆಟ್ಟಗಿನ ಬಾಯಿ ಬರಲ್ಲ. ಕಲ್ಲಿನ ಮೈಮೇಲೆ ಪೆನ್ಸಿಲ್‌ನಿಂದ ಚೌಕಳಿ ಗೆರೆ ಎಳೆಯಿರಿ. ದಪ್ಪ ಗಾಜಿನ ಮೇಲೆ 220 ಅಥವಾ 400ರ ವಾಟರ್ ಪೇಪರ್ (ಪೇಪರಿಗೂ ಕಲ್ಲಿಗೂ ಸಂಖ್ಯೆ ಹೆಚ್ಚಾದಷ್ಟೂ ನಯ) ಒದ್ದೆ ಮಾಡಿ ಅಂಟಿಸಿ, ಅದರ ಮೇಲೆ ಕಲ್ಲನ್ನು ಬೋರಲಾಗಿ ಉಜ್ಜಿ. ಗೆರೆಗಳೆಲ್ಲ ಒಟ್ಟಿಗೆ ಅಳಿಸಿಹೋದರೆ ಸರಿ. ನಡುವೆ ಉಳಿದರೆ ಅಲ್ಲಿ ತಗ್ಗಿದೆ, ಉಜ್ಜುತ್ತಲೇ ಇರಿ. ವಜ್ರದ ಪ್ಲೇಟ್ ಇದ್ದರೆ ಬೇಗ ಮುಗಿಯುತ್ತದೆ. ಅಂಚುಗಳನ್ನೂ ಸ್ವಲ್ಪ ಉಜ್ಜಿ ಮೊಂಡು ಮಾಡಿ, ಚೂಪು ಅಂಚು ಬಾಯಿಯನ್ನು ಗೀರುತ್ತದೆ.

ಯಾವ ಕಲ್ಲು? 1000, 3000 ಅಥವಾ 4000, 8000 ಇದ್ದರೆ ಪೂರ್ತಿ ಕೆಲಸ ಆಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಕಪ್ಪು ಕಾರ್ಬೊರಂಡಂ ಕಲ್ಲು ಕುಡುಗೋಲಿಗೆ ಸರಿ, ಇದಕ್ಕೆ ಬೇಡವೇ ಬೇಡ. ಕಲ್ಲಿಗೆ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಸಪಾಟಾದ ದಪ್ಪ ಗಾಜಿನ ಮೇಲೆ ಲ್ಯಾಪಿಂಗ್ ಫಿಲ್ಮ್, ಅಂದರೆ ಮಸೆಯುವ ಪುಡಿ ಹಚ್ಚಿದ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಅಂಟಿಸಿಕೊಳ್ಳಬಹುದು: 12, 5, 3, 1 ಮೈಕ್ರಾನ್, ಇಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ನಯ. ಸಪಾಟು ಮಾಡುವ ತಲೆನೋವೇ ಇಲ್ಲ.

ಮಾರ್ಕರ್ ಪರೀಕ್ಷೆ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು, ಖರ್ಚು ಒಂದು ಪರ್ಮನೆಂಟ್ ಮಾರ್ಕರ್. ಬೆವೆಲ್ ಮೇಲೂ ಬೆನ್ನಿನ ಪಟ್ಟಿಯ ಮೇಲೂ ಎರಡೂ ಬದಿ ಶಾಯಿ ಬಳಿಯಿರಿ. 1000ದ ಕಲ್ಲಿನ ಮೇಲೆ, ಅಥವಾ ಇನ್ನೂ ನಯವಾದುದರ ಮೇಲೆ, ಅಲಗನ್ನು ಮಲಗಿಸಿ ಅದರ ತೂಕವಷ್ಟೇ ಬೀಳುವ ಹಾಗೆ ಬಾಯಿ ಮುಂದಾಗಿ ಒಂದು ಸಲ ತಳ್ಳಿ. ತಿರುಗಿಸಿ ಇನ್ನೊಂದು ಬದಿ ಒಂದು ಸಲ. ಈಗ ದೀಪದ ಕೆಳಗೆ ನೋಡಿ. ಶಾಯಿ ಹೋದ ಕಡೆ ಕಲ್ಲು ತಾಗಿದೆ, ಉಳಿದ ಕಡೆ ತಾಗಿಲ್ಲ.

ಇದನ್ನು ಓದುವುದು ಹೀಗೆ.

ಎರಡೂ ಬದಿ ಬೆವೆಲ್‌ನ ಶಾಯಿ ಬುಡದಿಂದ ತುದಿಯವರೆಗೂ ಹೋಗಿದೆ, ಬೆನ್ನಿನ ಪಟ್ಟಿ ಮಾತ್ರ ಒಂದು ಕಡೆ ಅಗಲ, ಒಂದು ಕಡೆ ಸಣ್ಣ. ಹಾಗಿದ್ದರೆ ಏನೂ ಸರಿ ಮಾಡಬೇಕಿಲ್ಲ. ನೇರವಾಗಿ ಬೆವೆಲ್ ಕೂರಿಸುವ ಕೆಲಸಕ್ಕೆ ಹೋಗಿ, ಅದನ್ನು ಕೊನೆಯಲ್ಲಿ ಹೇಳಿದ್ದೇನೆ.

ಒಂದು ಬದಿಯಲ್ಲಿ ನಡುವಿನ ಶಾಯಿ ಮಾತ್ರ ಹೋಗಿ, ಇನ್ನೊಂದು ಬದಿಯಲ್ಲಿ ಬುಡ ಮತ್ತು ತುದಿಯ ಶಾಯಿ ಹೋಗಿ ನಡು ಹಾಗೇ ಇದ್ದರೆ ಅಲಗು ಉದ್ದಕ್ಕೆ ಬಾಗಿದೆ. ಒಂದು ಬದಿ ಉಬ್ಬು, ಇನ್ನೊಂದು ತಗ್ಗು. ಗಾಜಿನ ಮೇಲೆ ಮಲಗಿಸಿ ಹಿಂದಿನಿಂದ ಟಾರ್ಚ್ ಬಿಟ್ಟರೆ ಸಂದಿಯಲ್ಲಿ ಬೆಳಕು ಕಾಣುತ್ತದೆ. ತಯಾರಾಗುವಾಗ ಉಕ್ಕನ್ನು ಕಾಯಿಸಿ ತಣಿಸುವ ಹೊತ್ತಿಗೇ ಬಂದಿರುವ ಬಾಗು ಇದು, ಹಳೇ ಕತ್ತಿಗಳಲ್ಲಿ ತೀರಾ ಸಾಮಾನ್ಯ.

ಒಂದು ಬದಿ ಬುಡದಲ್ಲಿ, ಇನ್ನೊಂದು ಬದಿ ತುದಿಯಲ್ಲಿ ತಾಗುತ್ತಿದ್ದರೆ ಅಲಗು ತಿರುಚಿಕೊಂಡಿದೆ. ಎರಡೂ ಬದಿ ಬುಡದ ಹತ್ತಿರ ಮಾತ್ರ ತಾಗದೆ, ಭುಜದ ಮೇಲಿನ ಶಾಯಿ ಹೋಗಿದ್ದರೆ ಭುಜ ಕಲ್ಲಿನ ಮೇಲೆ ಹತ್ತಿ ಕೂತಿದೆ. ಕೊನೆಗೆ, ಬಾಯಿಗೆ ಸ್ಟೀಲ್ ಸ್ಕೇಲನ್ನು ಮೆಲ್ಲಗೆ ಆನಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಸಂದಿ ಕಂಡರೆ ಬಾಯಿ ಒಳಗೆ ಬಾಗಿದೆ. ಅದು ದೋಷ. ನಡು ಉಬ್ಬಿ ಎರಡೂ ಕೊನೆ ಹಿಂದೆ ಸರಿದಿದ್ದರೆ ದೋಷವಲ್ಲ. ಎಷ್ಟೋ ಶೆಫೀಲ್ಡ್ ಕತ್ತಿಗಳನ್ನು ಹಾಗೇ ಮಾಡಿದ್ದಾರೆ. ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ.

ಭುಜ ಕಲ್ಲು ಹತ್ತಿದ್ದರೆ

ಹಳೇ ಕತ್ತಿಗಳ ಏರುಪೇರಿನಲ್ಲಿ ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕತ್ತಿ ಹೊಸದಿದ್ದಾಗ ಬಾಯಿಗೂ ಭುಜಕ್ಕೂ ನಡುವೆ ಒಂದಿಷ್ಟು ಜಾಗ ಇರುತ್ತದೆ. ವರ್ಷಗಟ್ಟಲೆ ಮಸೆದಂತೆ ಬಾಯಿ ಮೇಲೆ ಸರಿಯುತ್ತಾ ಭುಜದ ಹತ್ತಿರ ಬರುತ್ತದೆ. ಒಂದು ದಿನ ಭುಜವೇ ಕಲ್ಲಿಗೆ ತಾಗುತ್ತದೆ. ಆಗ ಬುಡದ ಬಾಯಿ ಗಾಳಿಯಲ್ಲಿ ನಿಲ್ಲುತ್ತದೆ. ಅದನ್ನು ತಾಗಿಸಲು ಮಸೆಯುವವರು ಬೆರಳಿನಿಂದ ಒತ್ತುತ್ತಾರೆ. ಒತ್ತಿದ ಕಡೆ, ಅಂದರೆ ನಡುವಿನಲ್ಲಿ, ಬಾಯಿ ಬೇಗ ಸವೆದು ಒಳಗೆ ಬಾಗುತ್ತದೆ. ಬುಡದಲ್ಲಿ ಕೊಕ್ಕೆಯಂಥ ಮೂಲೆ ಎದ್ದು ನಿಲ್ಲುತ್ತದೆ, ಬೋಳಿಸುವಾಗ ಕಿವಿಯ ಹತ್ತಿರ ಕೊಯ್ಯುವುದು ಅದೇ. ಒಂದು ತಪ್ಪಿನಿಂದ ಮೂರು ದೋಷ. ಭುಜವನ್ನು ಬಿಟ್ಟು ಉಳಿದೆರಡನ್ನು ಸರಿ ಮಾಡಿದರೆ ಅವು ಮತ್ತೆ ಬಂದೇ ಬರುತ್ತವೆ.

ಕೊಕ್ಕೆ ಇನ್ನೂ ಎದ್ದಿಲ್ಲದಿದ್ದರೆ ಲೋಹ ತೆಗೆಯುವುದೇ ಬೇಡ. ಭುಜ ಕಲ್ಲಿನ ಅಂಚಿನಿಂದ ಆಚೆ ಇರುವ ಹಾಗೆ ಅಲಗನ್ನು ಇಡಿ, ಬುಡವನ್ನು ಮುಂದೆ ಮಾಡಿ 30–45 ಡಿಗ್ರಿ ಓರೆಯಾಗಿ ಹಿಡಿದು, ತಳ್ಳುತ್ತಾ ಹೋದಂತೆ ಹಿಡಿಯ ಕಡೆಗೆ ಎಳೆದುಕೊಳ್ಳಿ. ಕಲ್ಲಿನ ಈ ಕೊನೆಯಲ್ಲಿ ಬುಡ ತಾಗಿ, ಆ ಕೊನೆ ಮುಟ್ಟುವಾಗ ತುದಿ ತಾಗಿರಬೇಕು. ಎರಡೂ ಬದಿಯ ಎಳೆತ ಸೇರಿದರೆ ಕಲ್ಲಿನ ಮೇಲೆ ಗುಣಾಕಾರದ ಚಿಹ್ನೆ ಬರುತ್ತದೆ. ಭುಜ ಒಮ್ಮೆಯೂ ಕಲ್ಲಿನ ಮೇಲೆ ಬರಬಾರದು.

ಕೊಕ್ಕೆ ಇದ್ದರೆ ಅದನ್ನು ತೆಗೆಯಲೇಬೇಕು. ಒಂದು ರೂಪಾಯಿ ನಾಣ್ಯವನ್ನು ಬುಡದ ಮೂಲೆಗೆ ಇಟ್ಟು ಮಾರ್ಕರ್‌ನಿಂದ ಕಮಾನು ಗೆರೆ ಎಳೆಯಿರಿ. ಹೊಸ ಬುಡ ಭುಜದಿಂದ 3ರಿಂದ 5 ಮಿ.ಮೀ. ಮುಂದೆ ಬಂದರೆ ಸಾಕು. ಉಳಿದ ಬಾಯಿಗೆ ಎರಡು ಸುತ್ತು ಕಾಗದದ ಟೇಪ್ ಅಂಟಿಸಿ. 300 ಅಥವಾ 400ರ ವಜ್ರದ ಪ್ಲೇಟಿಗೆ ನೀರು ಹಾಕಿ, ಅಲಗನ್ನು ನೆಟ್ಟಗೆ ನಿಲ್ಲಿಸಿ ಮೂಲೆಯನ್ನಷ್ಟೇ ಗೆರೆಯವರೆಗೆ ಉಜ್ಜುತ್ತಾ ಬನ್ನಿ. ನಿಧಾನದ ಕೆಲಸ. ಸಣ್ಣ ಮೋಟಾರ್ ಗ್ರೈಂಡರ್‌ನಲ್ಲಿ ನಿಮಿಷದಲ್ಲಿ ಮುಗಿಯುತ್ತದೆ ನಿಜ, ಆದರೆ ಬಾಯಿಯ ಹತ್ತಿರದ ಉಕ್ಕು ಕಾಗದದಷ್ಟು ತೆಳ್ಳಗಿರುವುದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಕಾದುಬಿಡುತ್ತದೆ. ಕೈ ಪಳಗಿಲ್ಲದವರು ಅದರ ತಂಟೆಗೆ ಹೋಗಬಾರದು. ಮೂಲೆ ದುಂಡಗಾದ ಮೇಲೆ ಎರಡೂ ಬದಿಯ ಅಂಚನ್ನು 1000ದಲ್ಲಿ ನಯ ಮಾಡಿ, ಇಲ್ಲದಿದ್ದರೆ ಕೊನೆಗೆ ಕತ್ತಿ ಎಳೆಯುವ ಚರ್ಮದ ಪಟ್ಟಿ ಹರಿಯುತ್ತದೆ.

ಬಾಗಿದ ಮತ್ತು ತಿರುಚಿದ ಅಲಗು

ಕೈಯಲ್ಲಿ ಬಗ್ಗಿಸಿ ನೆಟ್ಟಗೆ ಮಾಡೋಣ ಅನ್ನಿಸುತ್ತದೆ. ಗಡಸು ಉಕ್ಕು ಬಗ್ಗುವುದಿಲ್ಲ, ಹಪ್ಪಳದ ಹಾಗೆ ಮುರಿಯುತ್ತದೆ. ಕಲ್ಲಿನಲ್ಲಿ ಉಜ್ಜಿ ಉಜ್ಜಿ ಬಾಗು ತೆಗೆಯುತ್ತೇನೆ ಅನ್ನುವವರೂ ಇದ್ದಾರೆ. ಅಷ್ಟು ಹೊತ್ತಿಗೆ ಅರ್ಧ ಅಲಗು ಹೋಗಿರುತ್ತದೆ. ಬದಲಾಯಿಸಬೇಕಾದ್ದು ಮಸೆಯುವ ರೀತಿ.

ತಗ್ಗಿನ ಬದಿಗೆ ಸಣ್ಣ ಅಗಲದ ಕಲ್ಲು ಬೇಕು. ಸಾಮಾನ್ಯ ಕಲ್ಲು 70–75 ಮಿ.ಮೀ. ಅಗಲ ಇರುತ್ತದೆ, ಅಲಗಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಎರಡು ಕೊನೆ ಕಲ್ಲಿನ ಮೇಲೆ ಸೇತುವೆ ಕಟ್ಟಿ ನಡು ಮೇಲೇ ಉಳಿದುಬಿಡುತ್ತದೆ. 25ರಿಂದ 40 ಮಿ.ಮೀ. ಅಗಲದ ಕಲ್ಲು ಆ ತಗ್ಗಿನೊಳಗೆ ಇಳಿಯುತ್ತದೆ. ಬೇರೆ ಕಲ್ಲು ಕೊಳ್ಳಲೇಬೇಕು ಅಂತಿಲ್ಲ. ನಿಮ್ಮ ಕಲ್ಲು 25 ಮಿ.ಮೀ. ದಪ್ಪ ಇದ್ದರೆ ಅದರ ಪಕ್ಕದ ಮೈಯನ್ನು ಸಪಾಟು ಮಾಡಿಕೊಂಡು, ಅಲುಗಾಡದಂತೆ ಮಗ್ಗುಲಾಗಿ ನಿಲ್ಲಿಸಿ ಅದರ ಮೇಲೇ ಮಸೆಯಬಹುದು. ಲ್ಯಾಪಿಂಗ್ ಫಿಲ್ಮ್ ಬಳಸುವವರು 30 ಮಿ.ಮೀ. ಅಗಲದ ಗಾಜಿನ ಪಟ್ಟಿ ಕತ್ತರಿಸಿಕೊಂಡರೆ ಸಾಕು.

ಉಬ್ಬಿನ ಬದಿಗೆ ಹೊರಳಿಸುವ ಎಳೆತ. ಬುಡದಲ್ಲಿ ಶುರು ಮಾಡಿ, ಕತ್ತಿಯನ್ನು ಎಳೆದುಕೊಳ್ಳುತ್ತಾ ಹಿಡಿಯ ಕಡೆಯನ್ನು ಚೂರೇ ಚೂರು ಎತ್ತುತ್ತಾ ಹೋದರೆ ಒತ್ತಡ ನಡುವಿಗೆ, ಆಮೇಲೆ ತುದಿಗೆ ಸಾಗುತ್ತದೆ. ಬೆನ್ನು ಮಾತ್ರ ಕಲ್ಲು ಬಿಡಬಾರದು. ಮೊದಲು ನೀರು ಗಮನಿಸಿ. ಬಾಯಿಯ ಮುಂದೆ ನೀರಿನ ಸಣ್ಣ ಅಲೆ ಎದ್ದು ಬುಡದಿಂದ ತುದಿಗೆ ಓಡುವುದು ಕಾಣುತ್ತದೆ. ಅಲೆ ಎಲ್ಲಿ ತಪ್ಪುತ್ತದೋ ಅಲ್ಲಿ ಬಾಯಿ ತಾಗುತ್ತಿಲ್ಲ. ಇದು ಅಭ್ಯಾಸವಾದ ಮೇಲೆ ಮಾರ್ಕರ್ ಕೂಡ ಅಷ್ಟಾಗಿ ಬೇಕಾಗುವುದಿಲ್ಲ.

ತಿರುಚಿದ ಅಲಗಿಗೂ ಸಣ್ಣ ಕಲ್ಲು, ಹೊರಳಿಸುವ ಎಳೆತ, ಇವೇ. ಎರಡೂ ಬದಿಯ ಬೆವೆಲ್ ಕೊನೆಯವರೆಗೂ ಬೇರೆ ಬೇರೆ ಆಕಾರದಲ್ಲೇ ಉಳಿಯುತ್ತವೆ. ಉಳಿಯಲಿ ಬಿಡಿ.

ಬಾಯಿ ಒಳಗೆ ಬಾಗಿದ್ದರೆ

ಸಂದಿ ಕೂದಲೆಳೆಯಷ್ಟಿದ್ದರೆ ಬೆವೆಲ್ ಕೂರಿಸುವಾಗಲೇ ಹೋಗುತ್ತದೆ. ಇಲ್ಲಿ ಮಾತ್ರ ಅಗಲದ ಕಲ್ಲೇ ಬೇಕು. ಸಣ್ಣ ಕಲ್ಲು ಬಾಗನ್ನೇ ಹಿಂಬಾಲಿಸಿ ಹೋಗುತ್ತದೆ, ಅಗಲದ ಸಪಾಟು ಕಲ್ಲು ಎರಡು ಕೊನೆಗಳನ್ನು ಸವೆಸಿ ನಡುವಿನ ಮಟ್ಟಕ್ಕೆ ತರುತ್ತದೆ. ನಡುವಿನ ಮೇಲೆ ಬೆರಳು ಇಡಲೇಬೇಡಿ.

ಸಂದಿ ಅರ್ಧ ಮಿ.ಮೀ. ಹತ್ತಿರ ಇದ್ದರೆ ಬಾಯಿಯನ್ನೇ ಕಲ್ಲಿಗೆ ಲಂಬವಾಗಿ ನಿಲ್ಲಿಸಿ ಉದ್ದಕ್ಕೆ ಎಳೆಯುವ ಉಪಾಯ ಇದೆ, ಬ್ರೆಡ್ ಕೊಯ್ಯುವ ಹಾಗೆ. ಕೇಳಲು ಕ್ರೂರ. ಅಳತೆ ಮಾಡಿ ಮಾಡಿದರೆ ಇದೇ ಕಡಿಮೆ ಲೋಹ ತಿನ್ನುವ ದಾರಿ, ಯಾಕೆಂದರೆ ಬೆನ್ನು ಸವೆಯುವುದಿಲ್ಲ. 1000ದ ಕಲ್ಲು, ಬೇಕಾದಷ್ಟು ನೀರು, ಒತ್ತಡ ಸೊನ್ನೆ. ನಾಲ್ಕೈದು ಸಲ ಎಳೆದು ಸ್ಕೇಲ್ ಹಿಡಿದು ನೋಡಿ, ಮತ್ತೆ ಎಳೆಯಿರಿ. ಸಂದಿ ಮುಚ್ಚಿದ ತಕ್ಷಣ ನಿಲ್ಲಿಸಿ. ಈಗ ಬಾಯಿಯನ್ನು ಎದುರಿನಿಂದ ದೀಪಕ್ಕೆ ಹಿಡಿದರೆ ಬೆಳ್ಳಿ ಗೆರೆಯೊಂದು ಹೊಳೆಯುತ್ತದೆ. ಅದು ಮೊಂಡು ಮಾಡಿದ ಭಾಗ. ಮುಂದೆ ಬೆವೆಲ್ ಕೂರಿಸುವಾಗ ಈ ಗೆರೆ ಮೊದಲು ನಡುವಿನಲ್ಲಿ ಮಾಯವಾಗಿ, ಕೊನೆಗೆ ಬುಡ ಮತ್ತು ತುದಿಯಲ್ಲಿ ಮಾಯವಾಗಬೇಕು. ಅಗಲ ಅರ್ಧ ಮಿ.ಮೀ. ಕಡಿಮೆಯಾಯಿತಲ್ಲ, ಕೋನವೂ ಅರ್ಧ ಡಿಗ್ರಿಯಷ್ಟು ಏರಿರುತ್ತದೆ. ಅದಕ್ಕೇ ಮೊದಲೇ ಅಳೆದು ಬರೆದುಕೊಳ್ಳಿ ಅಂದದ್ದು. ಕೋನ ಈಗಾಗಲೇ 19 ಇದ್ದ ಕತ್ತಿಗೆ ಇದನ್ನು ಮಾಡುವ ಮುಂಚೆ ಯೋಚಿಸಿ.

ಬೆನ್ನೇ ಸವೆದಿದ್ದರೆ

ಇದಕ್ಕೆ ಮದ್ದು ಟೇಪ್. ಎಲೆಕ್ಟ್ರಿಷಿಯನ್‌ಗಳು ಬಳಸುವ ಇನ್ಸುಲೇಶನ್ ಟೇಪನ್ನು ಬೆನ್ನಿನ ಮೇಲೆ ಉದ್ದಕ್ಕೂ, ಎರಡೂ ಬದಿಗೆ ಮಡಚಿ ಅಂಟಿಸಿ. ಒಂದು ಪದರ ಸುಮಾರು 0.13 ಮಿ.ಮೀ. ಎರಡೂ ಬದಿ ಸೇರಿ 0.26. ಅಂದರೆ 16 ಮಿ.ಮೀ. ಅಲಗಿಗೆ ಕೋನ ಒಂದು ಡಿಗ್ರಿಯಷ್ಟು ಏರುತ್ತದೆ. ಕಂಪನಿಯಿಂದ ಕಂಪನಿಗೆ ದಪ್ಪ ಬೇರೆ, ಹಾಗಾಗಿ ಹತ್ತು ಪದರ ಒಂದರ ಮೇಲೊಂದು ಅಂಟಿಸಿ ವರ್ನಿಯರ್‌ನಲ್ಲಿ ಅಳೆದು ಹತ್ತರಿಂದ ಭಾಗಿಸಿ. ಮೇಲೆ ಹೇಳಿದ 14 ಡಿಗ್ರಿಯ ತುದಿಗೆ ಒಂದು ಪದರ ಹಾಕಿದರೆ 15, ಎರಡು ಹಾಕಿದರೆ 16ರ ಹತ್ತಿರ. ಆದರೆ ಎರಡು ಪದರ ಹಾಕಿದಾಗ ಬುಡದಲ್ಲಿ ಕೋನ 18 ದಾಟುತ್ತದೆ. ನಾನಾದರೆ ಒಂದೇ ಪದರಕ್ಕೆ ನಿಲ್ಲಿಸುತ್ತೇನೆ, ತುದಿ ಸ್ವಲ್ಪ ನಾಜೂಕಾಗಿ ಉಳಿದರೂ ಪರವಾಗಿಲ್ಲ.

ಸವೆದ ಕಡೆ ಮಾತ್ರ ಅರ್ಧ ಉದ್ದಕ್ಕೆ ಇನ್ನೊಂದು ಪದರ ಹಾಕುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಟೇಪ್ ಮುಗಿಯುವ ಕಡೆ ಮೆಟ್ಟಿಲಾಗುತ್ತದೆ, ಆ ಜಾಗದಲ್ಲಿ ಕತ್ತಿ ಕುಲುಕುತ್ತದೆ, ಬೆವೆಲ್ ಎರಡು ತುಂಡಾಗುತ್ತದೆ.

ಟೇಪ್ ಕಲ್ಲಿಗೆ ಬೇಗ ಹರಿಯುತ್ತದೆ. ಮಡಿಕೆಯಲ್ಲಿ ಲೋಹ ಇಣುಕಿದ ಕೂಡಲೇ ಬದಲಾಯಿಸಿ. ಟೇಪ್ ಹಾಕಿ ಕೂರಿಸಿದ ಬೆವೆಲ್‌ಗೆ ಮುಂದೆ ಮಸೆಯುವಾಗಲೂ ಅಷ್ಟೇ ಪದರ ಟೇಪ್ ಬೇಕು, ಇಲ್ಲದಿದ್ದರೆ ಕಲ್ಲು ಬಾಯಿಗೆ ತಾಗುವುದೇ ಇಲ್ಲ. ಕತ್ತಿಯ ಜೊತೆ ಒಂದು ಚೀಟಿ ಇಡಿ.

ಒಂದು ಬದಿಯ ಬೆನ್ನು ಮಾತ್ರ ಜಾಸ್ತಿ ಸವೆದಿದ್ದರೆ ಕಾರಣ ಹೆಚ್ಚಾಗಿ ಕೈ. ಬಲಗೈಯವರು ದೂರ ತಳ್ಳುವಾಗ ಒಂದು ಒತ್ತಡ, ಹತ್ತಿರ ಎಳೆಯುವಾಗ ಇನ್ನೊಂದು ಒತ್ತಡ ಹಾಕುತ್ತಾರೆ. ಸಣ್ಣ ಬೆವೆಲ್ ಇರುವ ಬದಿಗೆ ಒಂದಿಷ್ಟು ಹೆಚ್ಚು ಎಳೆತ ಕೊಡಿ, ಸಾಕು.

ಬೆವೆಲ್ ಕೂರಿಸುವುದು

ತಡೆಗಳೆಲ್ಲ ಹೋದ ಮೇಲೆ 1000ದ ಕಲ್ಲಿನಲ್ಲಿ ಹೊಸ ಬೆವೆಲ್. ಒಂದು ಬದಿಯಲ್ಲಿ ಇಪ್ಪತ್ತು ಸಣ್ಣ ಸುತ್ತು, ತಿರುಗಿಸಿ ಇನ್ನೊಂದು ಬದಿಯಲ್ಲಿ ಇಪ್ಪತ್ತು, ಆಮೇಲೆ ಓರೆ ಎಳೆತ ಹತ್ತು. ಎರಡೂ ಬದಿಗೆ ಲೆಕ್ಕ ಸಮ ಇರಲಿ. ಇಲ್ಲಿ ಸ್ವಲ್ಪ ಒತ್ತಡ ಹಾಕಬಹುದು, ಕತ್ತಿಯ ತೂಕಕ್ಕಿಂತ ಒಂದಿಷ್ಟು ಜಾಸ್ತಿ. ಆದರೆ ತೆಳ್ಳಗೆ ಕೊರೆದ ಸೋಲಿಂಗೆನ್ ಅಲಗು ಒತ್ತಿದರೆ ಬಳುಕುತ್ತದೆ, ಬಾಯಿ ಕಲ್ಲಿನಿಂದ ಮೇಲೆ ಏಳುತ್ತದೆ. ಬೆಣೆಯಾಕಾರದ್ದು ತಡೆದುಕೊಳ್ಳುತ್ತದೆ, ಆದರೆ ಅದಕ್ಕೆ ಹೊತ್ತು ಹಿಡಿಯುತ್ತದೆ. ಒಂದು ಸಂಜೆ ಪೂರ್ತಿ ಹೋದರೂ ಬೇಸರಪಡಬೇಡಿ.

ಮುಗಿಯಿತು ಅಂತ ತಿಳಿಯುವುದು ಹೇಗೆ? ಬೆಳ್ಳಿ ಗೆರೆ ಎಲ್ಲೂ ಹೊಳೆಯಬಾರದು. ಮಾರ್ಕರ್ ಬಳಿದು ಒಂದು ಎಳೆತಕ್ಕೆ ಶಾಯಿ ಪೂರ್ತಿ ಹೋಗಬೇಕು. ಆಮೇಲೆ ಒಂದು ಹಣ್ಣು ಟೊಮೆಟೊ ತೆಗೆದುಕೊಂಡು ಬುಡ, ನಡು, ತುದಿ ಮೂರನ್ನೂ ಬೇರೆ ಬೇರೆಯಾಗಿ ಸಿಪ್ಪೆಯ ಮೇಲೆ ಇಡಿ. ಒತ್ತದೆ ಎಳೆದರೆ ಕಚ್ಚಿಕೊಂಡು ಇಳಿಯಬೇಕು. ತುದಿ ಜಾರಿದರೆ ತುದಿಯಲ್ಲಿ ಕೆಲಸ ಬಾಕಿ ಇದೆ. ಕೈ ಮೇಲಿನ ರೋಮವನ್ನೂ ಮೂರು ಜಾಗದಿಂದ ಬೋಳಿಸಿ ನೋಡಿ. ಮೂರೂ ಒಂದೇ ಥರ ಆಗುವವರೆಗೆ ಮುಂದಿನ ಕಲ್ಲಿಗೆ ಹೋಗಬೇಡಿ. 1000ದಲ್ಲಿ ಬಿಟ್ಟದ್ದನ್ನು 8000 ಸರಿ ಮಾಡುವುದಿಲ್ಲ, ಬರೀ ಹೊಳೆಸುತ್ತದೆ.

ಅಲ್ಲಿಂದಾಚೆ ಮಾಮೂಲು. ಟೇಪ್ ಹಾಕಿದ್ದರೆ ಪ್ರತಿ ಕಲ್ಲಿಗೂ ಹೊಸದು. 3000 ಅಥವಾ 4000ದಲ್ಲಿ 1000ದ ಗೀರು ಹೋಗುವವರೆಗೆ, 8000ದಲ್ಲಿ ಅದರ ಗೀರು ಹೋಗುವವರೆಗೆ, ಕೊನೆಯ ಎಳೆತಗಳು ಕತ್ತಿಯ ತೂಕಕ್ಕಿಂತಲೂ ಹಗುರ. ಆಮೇಲೆ ಟೇಪ್ ಕಿತ್ತು, ಅಂಟನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬಟ್ಟೆಯ ಪಟ್ಟಿಯ ಮೇಲೆ ಇಪ್ಪತ್ತು ಮೂವತ್ತು ಸಲ, ಚರ್ಮದ ಪಟ್ಟಿಯ ಮೇಲೆ ಐವತ್ತು ಅರವತ್ತು ಸಲ, ಬೆನ್ನು ಮುಂದಾಗಿ. ಬಾಯಿ ಮುಂದಾಗಿ ಎಳೆದರೆ ಪಟ್ಟಿ ತುಂಡಾಗುತ್ತದೆ.

ನಮ್ಮೂರಿನ ಸಲೂನುಗಳೆಲ್ಲ ಅರ್ಧ ಬ್ಲೇಡ್ ಸಿಕ್ಕಿಸುವ ಹಿಡಿಗೆ ಬದಲಾಗಿವೆ, ಗಿರಾಕಿಗೊಂದು ಹೊಸ ಬ್ಲೇಡ್, ಸೋಂಕಿನ ಭಯ ಇಲ್ಲ. ಅದು ಒಳ್ಳೆಯದೇ. ಆದರೆ ಕತ್ತಿ ಮಸೆದು ಬಲ್ಲ ಕೈಗಳು ಕಮ್ಮಿಯಾಗಿವೆ. ನಿಮ್ಮ ಊರಲ್ಲಿ ವಯಸ್ಸಾದ ಕ್ಷೌರಿಕರೊಬ್ಬರು ಇದ್ದರೆ ಒಂದು ಸಲ ಕತ್ತಿ ಕೊಟ್ಟು ಅವರ ಮಣಿಕಟ್ಟು ನೋಡಿ. ಹೊರಳಿಸುವ ಎಳೆತವನ್ನು ಬರೆದು ತಿಳಿಸುವುದು ಕಷ್ಟ, ಕಣ್ಣಿಗೆ ಬಿದ್ದರೆ ಕ್ಷಣದಲ್ಲಿ ಗೊತ್ತಾಗುತ್ತದೆ.

ಕೆಲಸ ಮುಗಿದ ಮೇಲೆ ಅಲಗನ್ನು ಒಣಗಿಸಿ ಹೊಲಿಗೆ ಮಿಶನ್ ಎಣ್ಣೆ ಒಂದು ಹನಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ, ಹಳೆಯದಾದರೆ ಅಂಟಾಗುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವವರು ಮಳೆಗಾಲದಲ್ಲಿ ಕತ್ತಿಯನ್ನು ಬಚ್ಚಲಲ್ಲಿ ಇಡಬೇಡಿ. ಬಾಯಿಗೆ ತುಕ್ಕು ಹಿಡಿದರೆ ಮತ್ತೆ 1000ದ ಕಲ್ಲಿನಿಂದಲೇ ಶುರು ಮಾಡಬೇಕಾಗುತ್ತದೆ.